ಮೈಕಿನ ಮುಂದೆ ನಿಂತ ಏಣಿರಾಯ

ಏಣಿರಾಯ ಹೇಳಿದ ಸುಳ್ಳು ಬಹಳ ದೊಡ್ಡದೇನೂ ಆಗಿರಲಿಲ್ಲ. ಊಟದ ಮೇಜಿನ ಮೇಲೆ ನೀರಿನ ಲೋಟಕ್ಕೂ ಉಪ್ಪಿನ ಬಟ್ಟಲಿಗೂ ನಡುವೆ ಇಟ್ಟರೆ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದು. ಆದರೆ ಅದನ್ನು ಹೇಳಿದ್ದು ಮಾವನವರ ಎದುರಿಗೆ, ಅದೂ ಷಡ್ಡಕ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾಗ. ಇಂಥ ಜಾಗದಲ್ಲಿ ಹೇಳಿದ ಸುಳ್ಳು ಚಿಕ್ಕದಾಗಿಯೇ ಉಳಿದದ್ದನ್ನು ಇದುವರೆಗೆ ಯಾವ ಅಳಿಯನೂ ಕಂಡಿಲ್ಲ.

ಅವನಿಗೂ ಒಂದು ಸರಿಯಾದ ಹೆಸರಿತ್ತು. ಆದರೆ ಹೆಗಲ ಮೇಲೆ ಏಣಿಯಿಲ್ಲದೆ ಅವನನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಬೀದಿಯವರೆಲ್ಲ ಸೇರಿ ಈ ಹೆಸರನ್ನು ದಯಪಾಲಿಸಿದ್ದರು. ಸುತ್ತಲಿನ ನಾಲ್ಕಾರು ಬೀದಿಗಳಿಗೆ ಇಂಟರ್ನೆಟ್ ಕೊಡುವ ಪುಟ್ಟ ಕಂಪನಿಯೊಂದರಲ್ಲಿ ಅವನ ಕೆಲಸ. ಕಂಪನಿ ಎಂದರೆ ಒಬ್ಬ ಯಜಮಾನ, ಒಂದು ಕೋಣೆ, ಆಮೇಲೆ ಏಣಿರಾಯ. ಆ ಬೀದಿಗಳಲ್ಲಿ ಮೊಬೈಲ್ ಸಿಗ್ನಲ್ಲು ಮಾತಿಗೆ ಸಾಲುತ್ತಿತ್ತೇ ಹೊರತು ಚಿತ್ರಕ್ಕೆ ಸಾಲುತ್ತಿರಲಿಲ್ಲ. ಅದು ಸಾಲದೆ ಇದ್ದುದರಿಂದಲೇ ಏಣಿರಾಯನ ಸಂಸಾರ ನಡೆಯುತ್ತಿತ್ತು.

ಮಾವನವರು ನಿವೃತ್ತ ಹೆಡ್ ಮಾಸ್ತರು. ಮೊಣಕಾಲಿನ ಆಪರೇಷನ್ ಆದ ಮೇಲೆ ಕಿರಿಮಗಳ ಮನೆಗೆ ಬಂದು ಉಳಿದಿದ್ದರು. ಕುರ್ಚಿಯ ಮೇಲೆ ಕೂತು ಮಾಡುವುದು ಉದ್ಯೋಗ, ಏಣಿಯ ಮೇಲೆ ನಿಂತು ಮಾಡುವುದು ಬರೀ ಪಾಡು ಎಂಬುದು ಅವರ ಅಭಿಪ್ರಾಯ. ಹಾಗಂತ ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಅಳಿಯ ಏಣಿ ಹೊತ್ತು ಗೇಟು ದಾಟುವಾಗಲೆಲ್ಲ ಪತ್ರಿಕೆಯನ್ನು ಮುಖಕ್ಕೆ ಸ್ವಲ್ಪ ಹತ್ತಿರ ಹಿಡಿಯುತ್ತಿದ್ದರು, ಅಷ್ಟೇ. ಆ ಪತ್ರಿಕೆ ಕೆಳಗಿಳಿಯಬೇಕು, ಅದರ ಹಿಂದಿನ ಕಣ್ಣು ಒಂದು ಸಲವಾದರೂ ತನ್ನನ್ನು ಮೆಚ್ಚುಗೆಯಿಂದ ನೋಡಬೇಕು ಎಂಬುದು ಏಣಿರಾಯನ ಜೀವಮಾನದ ಆಸೆ.

ಹಿರಿಯಳಿಯ ಬ್ಯಾಂಕಿನಲ್ಲಿ ಅಧಿಕಾರಿ. ಅವರ ಕುರ್ಚಿ ತಿರುಗುತ್ತಿತ್ತು. ರಜೆಗೆಂದು ಬಂದವರು ಊಟದ ನಡುವೆ ಸಹಜವಾಗಿ ಕೇಳಿದರು: "ಯಾವುದೋ ಸಮ್ಮೇಳನಕ್ಕೆ ಹೋಗ್ತಿದ್ದೀರಂತೆ? ಅಲ್ಲಿ ಕೇಬಲ್ ಎಳೆಯೋಕೆ ಕರೆದಿದಾರಾ?"

ನಿಜ ಸಂಗತಿ ಇಷ್ಟು. ನೆರೆಹೊರೆಯ ದೇಶಗಳ ಇಂಟರ್ನೆಟ್ ಕಂಪನಿಗಳವರೆಲ್ಲ ವರ್ಷಕ್ಕೊಮ್ಮೆ ಸೇರುವ ಸಮ್ಮೇಳನವದು. ಒಂದು ದಿನ ತರಬೇತಿ, ಒಂದು ದಿನ ಉಪನ್ಯಾಸ, ಒಂದು ದಿನ ಚರ್ಚೆ. ಹೋಗಬೇಕಾಗಿದ್ದವರು ಯಜಮಾನರು. ಅವರ ಸೊಂಟ ಹಿಡಿದುಕೊಂಡಿದ್ದರಿಂದ ಸೀಟು ಖಾಲಿ ಹೋಗಬಾರದೆಂದು ಏಣಿರಾಯನನ್ನು ಕಳಿಸುತ್ತಿದ್ದರು. ಇದನ್ನು ಹೀಗೆಯೇ ಹೇಳಿಬಿಡಬಹುದಿತ್ತು.

"ಭಾಷಣ ಇದೆ," ಅಂದ ಏಣಿರಾಯ.

ಮಾವನವರ ಕೈಯ ತುತ್ತು ಅರ್ಧದಾರಿಯಲ್ಲಿ ನಿಂತಿತು. "ಯಾರದ್ದು?"

"ನಂದೇ, ಮಾವ."

"ಅದು ಇಂಟರ್ನೆಟ್ಟಿಂದ ನಮ್ಮ ಟಿವಿಯಲ್ಲೇ ನೇರವಾಗಿ ಬರುತ್ತಂತಪ್ಪಾ. ಮೂರು ದಿನಾನೂ," ಎಂದು ಹೆಂಡತಿ ಸಂಭ್ರಮದಿಂದ ಸೇರಿಸಿದಳು. ಅವಳಿಗೆ ಗಂಡನ ಮಾತಿನಲ್ಲಿ ನಂಬಿಕೆ. ಆ ಕ್ಷಣ ಏಣಿರಾಯನಿಗೆ ಅದೊಂದು ಇರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಹಾಗಿದ್ರೆ ನೋಡೋಣ," ಅಂದರು ಮಾವನವರು. "ಎಲ್ಲರೂ ಕೂತು ನೋಡೋಣ." ಷಡ್ಡಕರು ಮುಗುಳ್ನಕ್ಕು, "ನಾನೂ ರಜೆ ಮುಂದುವರಿಸ್ತೀನಿ. ಇಂಥದ್ದು ಮತ್ತೆ ನೋಡೋಕೆ ಸಿಗುತ್ತಾ?" ಅಂದರು.

ಹೊರಡುವ ದಿನ ಬೆಳಿಗ್ಗೆ ಏಣಿರಾಯ ತನ್ನ ಇದ್ದೊಂದು ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡ. ಬೀದಿಯ ಲೈನೆಲ್ಲ ಬಂದು ಸೇರುವ ಪೆಟ್ಟಿಗೆ ಅವನ ಮನೆಯ ಎದುರಿನ ಕಂಬದ ಮೇಲೇ ಇತ್ತು. ಅದಕ್ಕೆ ಕರೆಂಟು ಹೋಗುತ್ತಿದ್ದುದೂ ಅವನ ಮನೆಯ ಕಿಟಕಿಯಿಂದಲೇ. "ನಾನಿಲ್ಲದಾಗ ಆ ಪೆಟ್ಟಿಗೆ ತಂಟೆಗೆ ಯಾರೂ ಹೋಗಬಾರದು," ಎಂದು ಹೆಂಡತಿಗೆ ಗಂಭೀರವಾಗಿ ಆಜ್ಞೆ ಮಾಡಿದ. ಮೊದಲ ಬಾರಿಗೆ ಏಣಿಯಿಲ್ಲದೆ ಗೇಟು ದಾಟಿದ. ಎದುರುಮನೆಯ ಟೈಲರು ಹೊಲಿಗೆ ನಿಲ್ಲಿಸಿ ಎದ್ದುನಿಂತು, "ಮಾತಾಡುವಾಗ ನಮ್ಮ ಬೀದಿ ಹೆಸರು ಒಂದ್ಸಲ ಹೇಳಿಬಿಡಿ," ಅಂದ. ಏಣಿರಾಯ ಆಶೀರ್ವಾದ ಮಾಡುವವನಂತೆ ಕೈಯೆತ್ತಿದ.

ಸಮ್ಮೇಳನ ನಡೆದದ್ದು ಒಂದು ದೊಡ್ಡ ಹೋಟೆಲಿನಲ್ಲಿ. ಬಾಗಿಲಲ್ಲೇ ಕೊರಳಿಗೊಂದು ಬ್ಯಾಡ್ಜು ತೊಡಿಸಿದರು. ಉದ್ಘಾಟನೆಗೆ ಏಣಿರಾಯ ಮುಂದಿನ ಸಾಲಿನಲ್ಲೇ ಕೂತು, ಟಿವಿಯಲ್ಲಿ ತನ್ನ ಮುಖ ಕಾಣಲೆಂದು ಕತ್ತನ್ನು ಕೊಂಚ ಮೇಲೆತ್ತಿ ಹಿಡಿದಿದ್ದ.

ಆಮೇಲೆ ತರಬೇತಿ. ಬೆಂಚಿಗೊಂದು ರೂಟರ್ ಇಟ್ಟಿದ್ದರು. ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂದು ನೋಡಿಕೊಳ್ಳುವ ಯಂತ್ರವದು. ಪ್ರತಿ ಬೆಂಚಿನವರೂ ತಮ್ಮ ಯಂತ್ರಕ್ಕೆ ಯಾವ ಯಾವ ದಾರಿ ಗೊತ್ತಿದೆ ಎಂದು ಪಕ್ಕದ ಬೆಂಚಿನ ಯಂತ್ರಕ್ಕೆ ತಿಳಿಸಬೇಕು. ಏಣಿರಾಯನ ಪಾಲಿಗೆ ಎರಡೇ ಎರಡು ದಾರಿ ಬಂದಿದ್ದವು. ಎರಡೇ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಎಲ್ಲ ದಾರಿಯೂ ಗೊತ್ತು ಎಂದು ಒತ್ತಿಬಿಟ್ಟ.

ನೆರೆಯ ಯಂತ್ರ ನಂಬಿತು. ಅದು ತನ್ನ ನೆರೆಗೆ ಹೇಳಿತು. ನೋಡನೋಡುತ್ತ ಇಡೀ ಕೋಣೆಯ ಸಂದೇಶಗಳೆಲ್ಲ ಸಾಲುಗಟ್ಟಿ ಏಣಿರಾಯನ ಬೆಂಚಿಗೆ ಬಂದು ಅಲ್ಲೇ ಪ್ರಾಣ ಬಿಟ್ಟವು. ಪಾಠ ಹೇಳುವವರು ಕೋಣೆಯೆಲ್ಲ ತಿರುಗಿ ಕೊನೆಗೆ ಅವನ ಹಿಂದೆ ಬಂದು ನಿಂತರು.

"ಗೊತ್ತಿಲ್ಲದ್ದನ್ನ ಗೊತ್ತು ಅಂದ್ರೆ ಹೀಗಾಗುತ್ತೆ ನೋಡಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಮೊದಲು ನಂಬ್ತಾರೆ. ಅದೇ ಕಷ್ಟ."

ಏಣಿರಾಯನಿಗೆ ಊಟದ ಮೇಜು ನೆನಪಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾವುದೋ ದ್ವೀಪದಲ್ಲಿ ಸಣ್ಣ ಕಂಪನಿ ನಡೆಸುವವಳು. "ಬಿಡಿ ಅಣ್ಣ, ನಮ್ಮಲ್ಲಿ ಒಂದ್ಸಲ ನಿಜವಾಗ್ಲೂ ಹೀಗೇ ಆಗಿತ್ತು," ಎಂದು ಸಮಾಧಾನ ಮಾಡಿದಳು.

ಸಂಜೆ ಹೆಂಡತಿಗೆ ಫೋನು ಮಾಡಿದ. ಅವಳ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು.

"ಎಲ್ಲಾ ಕೂತಿದ್ರು ರೀ. ನೀವು ಕಾಣಿಸ್ಲಿಲ್ಲ."

"ಮುಂದಿನ ಸಾಲಲ್ಲೇ ಇದ್ದೆನಲ್ಲೇ!"

"ಕಾಣಿಸ್ಲಿಲ್ಲ ಅಂದ್ರೆ ಕಾಣಿಸ್ಲಿಲ್ಲ. ಭಾವ ಇಲ್ಲೇ ಇದಾರೆ, ಇಡ್ತೀನಿ."

ಮರುದಿನ ಬೆಳಿಗ್ಗೆ ಏಣಿರಾಯ ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಹೋಗಿ, ಹಿಂಬದಿಯಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸುತ್ತಿದ್ದವನನ್ನು ವಿಚಾರಿಸಿದ. "ಕೂತವರನ್ನ ನಾವು ತೋರ್ಸೋದಿಲ್ಲ ಸಾರ್. ವೇದಿಕೆ, ಆಮೇಲೆ ನಡುವೆ ಇರೋ ಆ ಮೈಕು. ಎರಡೇ," ಅಂದ ಅವನು. "ಈ ಕೆಂಪು ದೀಪ ಉರೀತಿದ್ರೆ ಪ್ರಸಾರ ಆಗ್ತಿದೆ ಅಂತ."

ವೇದಿಕೆಗೆ ಕರೆಯುವವರಿಲ್ಲ. ಉಳಿದದ್ದು ಮೈಕು. ಅಲ್ಲಿನ ಪದ್ಧತಿಯೂ ಅನುಕೂಲವಾಗಿತ್ತು. ಉಪನ್ಯಾಸ ಮುಗಿದ ಮೇಲೆ ಯಾರು ಬೇಕಾದರೂ ಎದ್ದುಹೋಗಿ ಮೈಕಿನ ಮುಂದೆ ಸಾಲು ನಿಲ್ಲಬಹುದು. ಹೆಸರು, ಕಂಪನಿ ಹೇಳಬೇಕು. ಆಮೇಲೆ ಪ್ರಶ್ನೆ ಕೇಳಬೇಕು. ಹೆಸರೂ ಕಂಪನಿಯೂ ಏಣಿರಾಯನಿಗೆ ಗೊತ್ತಿದ್ದವು.

ಮೊದಲ ಉಪನ್ಯಾಸ ದೊಡ್ಡ ಕಂಪನಿಯೊಂದರ ಸೂಟುಧಾರಿಯದು. ತಮ್ಮ ಜಾಲ ವರ್ಷವಿಡೀ ಒಂದು ಕ್ಷಣವೂ ನಿಂತಿಲ್ಲ ಎಂದು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸಿ ಅವರು ಮುಗಿಸಿದರು. ಏಣಿರಾಯ ಮೈಕಿನ ಮುಂದೆ ಹೋಗಿ ಹೆಸರು ಹೇಳಿ, ಕಂಪನಿ ಹೇಳಿ, ಮುಂದೇನು ಹೇಳುವುದೆಂದು ತೋಚದೆ, ಇನ್ನಷ್ಟು ಹೊತ್ತು ಅಲ್ಲಿ ನಿಲ್ಲಲು ಸಿಗಲಿ ಎಂಬ ಒಂದೇ ಆಸೆಯಿಂದ ಕೇಳಿದ:

"ಸಾರ್, ಕೊನೇಲಿ ತೋರ್ಸಿದ್ರಲ್ಲ, ಅದನ್ನ ಇನ್ನೊಂದ್ಸಲ ತೋರಿಸ್ತೀರಾ?"

ಸೂಟುಧಾರಿ ಅವನನ್ನು ದಿಟ್ಟಿಸಿ ನೋಡಿದರು. ಪರದೆಯ ಮೇಲೆ ಗೆರೆ ಮತ್ತೆ ಬಂತು. ಏಣಿರಾಯ ಅದನ್ನೇ ನೋಡುತ್ತ ನಿಂತ. ಅವನಿಗೆ ಏನೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಬಹಳ ಹೊತ್ತು ನೋಡಿದ. ಇಡೀ ಸಭೆಯೂ ನೋಡತೊಡಗಿತು.

ಸೂಟುಧಾರಿ ಕರವಸ್ತ್ರ ತೆಗೆದರು. "ಆ ಮೂಲೆಯಲ್ಲಿ ಒಂದು ಕಡೆ ಗೆರೆ ಸ್ವಲ್ಪ... ಅದು ಅರ್ಧ ದಿನ ಜಾಲ ನಿಂತಿತ್ತು. ಅದನ್ನ ಬಿಟ್ಟು ಲೆಕ್ಕ ಹಾಕಿದೀವಿ. ನೀವು ಗಮನಿಸ್ತೀರಿ ಅಂದ್ಕೊಂಡಿರ್ಲಿಲ್ಲ."

"ಪರವಾಗಿಲ್ಲ ಸಾರ್," ಅಂದ ಏಣಿರಾಯ ಉದಾರವಾಗಿ.

ಸಭೆಯಲ್ಲಿ ಗುಜುಗುಜು ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಅವನು ಮೈಕಿನ ಕಡೆ ಹೆಜ್ಜೆಯಿಟ್ಟರೆ ಸಾಕು, ವೇದಿಕೆಯ ಮೇಲಿದ್ದವರು ತಾವಾಗಿಯೇ ತಮ್ಮ ತಪ್ಪುಗಳನ್ನು ಒಪ್ಪಿಕೊಳ್ಳುವಂತಾಯಿತು. ಚಹಾ ಕುಡಿಯುವಾಗ ಯಾರೋ ಅವನಿಗೆ ಕುರ್ಚಿ ಎಳೆದುಕೊಟ್ಟರು. ಸೂಟುಧಾರಿ ತಾವೇ ಸಕ್ಕರೆ ತಂದುಕೊಟ್ಟು, "ನಾಳೆ ಚರ್ಚೇಲಿ ನೀವು ಯಾವ ಕಡೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಾನು ಮೈಕಿನ ಕಡೆ," ಅಂದ ಏಣಿರಾಯ. ಸೂಟುಧಾರಿ ಆ ಉತ್ತರವನ್ನು ಕುರಿತು ಯೋಚಿಸುತ್ತ ಹೋದರು.

ಇಷ್ಟೆಲ್ಲ ಆದ ಮೇಲೆ ಸಂಜೆ ಎದೆಯುಬ್ಬಿಸಿ ಫೋನು ಮಾಡಿದ.

"ಇವತ್ತೂ ಕಾಣಿಸ್ಲಿಲ್ಲ ರೀ," ಅಂದಳು ಹೆಂಡತಿ. ದನಿಯಲ್ಲಿ ಅಳು ಸೇರಿತ್ತು. "ಅಪ್ಪ ಬೆಳಿಗ್ಗೆಯಿಂದ ಕೂತಿದಾರೆ. ಕಾಲು ನೋವು ಅಂದ್ರೂ ಏಳ್ತಿಲ್ಲ. ಭಾವ ನಾಡಿದ್ದು ಹೊರಡ್ತಾರೆ. ನಾಳೆ ಒಂದೇ ದಿನ ಉಳಿದಿರೋದು."

ಏಣಿರಾಯ ಮಂಚದ ಮೇಲೆ ಕುಸಿದು ಕೂತ. ನೋವಾಯಿತು, ಮಾವನವರ ಮೊಣಕಾಲು ನೆನೆದು ಇನ್ನೂ ನೋವಾಯಿತು. ಬಹಳ ಹೊತ್ತು ಯೋಚಿಸಿದ ಮೇಲೆ ಸತ್ಯ ಹೊಳೆಯಿತು. ಕ್ಯಾಮೆರಾ ಇರುವುದು ಹಿಂದುಗಡೆ. ವೇದಿಕೆಗೆ ಮುಖ ಮಾಡಿ ಮೈಕಿನ ಮುಂದೆ ನಿಂತವನ ಬೆನ್ನಷ್ಟೇ ಅದಕ್ಕೆ ಕಾಣುತ್ತದೆ. ಏಣಿಯಿಲ್ಲದ ಬೆನ್ನನ್ನು ಮನೆಯವರು ಗುರುತು ಹಿಡಿಯುವುದಾದರೂ ಹೇಗೆ?

ಮೂರನೆಯ ದಿನ ಚರ್ಚೆ. ಇಂಟರ್ನೆಟ್ಟಿಗೆ ಸೇರುವ ಯಂತ್ರಕ್ಕೆ, ಮನೆಗೆ ಬಾಗಿಲ ನಂಬರು ಇರುವ ಹಾಗೆ, ಒಂದು ವಿಳಾಸ ಬೇಕು. ಹಳೆಯ ಬಗೆಯ ವಿಳಾಸಗಳು ತೀರುತ್ತ ಬಂದು, ಆ ಪ್ರದೇಶದ ಪಾಲಿಗೆ ಕೊನೆಯ ಒಂದು ಹಿಡಿ ಉಳಿದಿತ್ತು. ಅದನ್ನು ಹೆಚ್ಚು ಗಿರಾಕಿಗಳಿರುವ ದೊಡ್ಡ ಕಂಪನಿಗಳಿಗೇ ಕೊಟ್ಟುಬಿಡಬೇಕೆಂದು ಸೂಟುಧಾರಿಯ ಪ್ರಸ್ತಾಪ. ಸಣ್ಣವರು ಮೊದಮೊದಲು ಗಲಾಟೆ ಮಾಡಿ, ವರ್ಷಗಳು ಕಳೆದಂತೆ ಸುಸ್ತಾಗಿ ಸುಮ್ಮನಾಗಿದ್ದರು. ಏಣಿರಾಯನ ಯಜಮಾನರೂ ಹೀಗೆ ಕಾದು ಕಾದು ಸುಸ್ತಾದವರಲ್ಲಿ ಒಬ್ಬರು. ಅವರ ಅರ್ಜಿ ಯಾವ ಕಾಲದಿಂದಲೋ ಬಿದ್ದಿತ್ತು.

ಅಲ್ಲಿ ಮತ ಹಾಕುವ ಪದ್ಧತಿಯಿರಲಿಲ್ಲ. ಆಕ್ಷೇಪ ಎತ್ತುವವರು ಯಾರೂ ಉಳಿಯದಿದ್ದರೆ ಒಪ್ಪಿಗೆಯಾಯಿತೆಂದು ಅರ್ಥ. ಉಳಿದಿದ್ದಾರೋ ಇಲ್ಲವೋ ಎಂದು ತಿಳಿಯಲು ಅಧ್ಯಕ್ಷೆ ಮೈಕಿನ ಕಡೆ ನೋಡುತ್ತಾರೆ. ಮೈಕು ಖಾಲಿಯಾಗುವವರೆಗೆ ಚರ್ಚೆ ಮುಗಿಯುವಂತಿಲ್ಲ. ಅಧ್ಯಕ್ಷೆ ವಯಸ್ಸಾದ ಹೆಂಗಸು, ನಿಯಮ ಎಂದರೆ ನಿಯಮ ಎನ್ನುವಂಥವರು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೈಕಿನ ಮುಂದೆ ಏಣಿರಾಯ ನಿಂತಿದ್ದ. ಹೆಸರು, ಕಂಪನಿ ಆಗಲೇ ಹೇಳಿ ಮುಗಿಸಿದ್ದ.

"ನಿಮ್ಮ ಆಕ್ಷೇಪ ಏನು, ಹೇಳಿ," ಅಂದರು.

"ನಂದೇನೂ ಇಲ್ಲ ಮೇಡಂ. ನೀವು ಮುಂದುವರಿಸಿ. ನಾನು ಸುಮ್ನೆ ನಿಂತಿರ್ತೀನಿ."

"ಆಕ್ಷೇಪ ಇಲ್ದಿದ್ರೆ ಕೂತ್ಕೊಳ್ಳಿ."

"ಕೂರೋಕಾಗಲ್ಲ ಮೇಡಂ."

"ಯಾಕೆ?"

"ಊರಲ್ಲಿ ಎಲ್ಲಾ ಕಾಯ್ತಿದಾರೆ ಮೇಡಂ. ಹಿರಿಯರು ಕಾಲು ನೋವು ಇಟ್ಕೊಂಡು ಕೂತಿದಾರೆ. ನಾನಿಲ್ಲಿ ಕೂತುಬಿಟ್ರೆ ಅವರಿಗೆ ಏನು ಮುಖ ತೋರಿಸ್ಲಿ?"

ಹೇಳಿದ್ದು ಅಕ್ಷರಶಃ ನಿಜ. ಮೂರು ದಿನಗಳಲ್ಲಿ ಅವನು ಮನಸ್ಸು ಬಿಚ್ಚಿ ಹೇಳಿದ ಮೊದಲ ಮಾತೂ ಹೌದು. ದ್ವೀಪದ ಹೆಂಗಸು ಎದ್ದಳು. "ನಮ್ಮೂರಲ್ಲೂ ಕಾಯ್ತಿದಾರೆ," ಎಂದವಳೇ ಬಂದು ಅವನ ಹಿಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬರು. ಸಣ್ಣ ಕಂಪನಿಗಳವರು ಒಬ್ಬೊಬ್ಬರಾಗಿ ಎದ್ದು ಬಂದು ಸೇರಿ, ಸಾಲು ಬಾಗಿಲವರೆಗೆ ಬೆಳೆಯಿತು.

ಏಣಿರಾಯ ತಿರುಗಿ ಸಾಲನ್ನು ನೋಡಿದ. ಇಷ್ಟು ಜನ ಹಿಂದೆ ನಿಂತರೆ ಕ್ಯಾಮೆರಾಕ್ಕೆ ತಾನು ಕಾಣುವುದೇ ಇಲ್ಲ! ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನಿನ್ನೆ ರಾತ್ರಿ ತೀರ್ಮಾನಿಸಿದ್ದಂತೆ, ವೇದಿಕೆಗೆ ಬೆನ್ನು ತಿರುಗಿಸಿ ಕೆಂಪು ದೀಪವನ್ನೇ ನೋಡುತ್ತ ನೆಟ್ಟಗೆ ನಿಂತುಬಿಟ್ಟ.

ಸಮ್ಮೇಳನದ ಚರಿತ್ರೆಯಲ್ಲಿ ಯಾರೂ ಅಧ್ಯಕ್ಷರಿಗೆ ಬೆನ್ನು ತೋರಿಸಿದ್ದಿಲ್ಲ. ಅಧ್ಯಕ್ಷೆಯ ಕನ್ನಡಕ ಮೂಗಿನ ತುದಿಗೆ ಜಾರಿತು. ಸೂಟುಧಾರಿ ವೇದಿಕೆಯ ಮೇಲೆ ಎರಡು ಸಲ ಎದ್ದು ಎರಡು ಸಲ ಕೂತರು.

"ಅಲ್ರೀ, ಇದೇನು ಹಟ? ಮಾತಾಡೋಣ ಬನ್ನಿ," ಅಂದರು.

ಬೆನ್ನು ಉತ್ತರ ಕೊಡಲಿಲ್ಲ.

"ಕಾಲು ಭಾಗ ಸಣ್ಣವರಿಗೆ ಬಿಡ್ತೀವಿ."

ಏಣಿರಾಯನಿಗೆ ಇದು ಕೇಳಿಸಲೇ ಇಲ್ಲ. ಅವನ ಮನಸ್ಸೆಲ್ಲ ಕೆಂಪು ದೀಪದ ಆ ತುದಿಯಲ್ಲಿ, ತನ್ನ ಮನೆಯ ನಡುಕೋಣೆಯಲ್ಲಿತ್ತು. ಮಾವನವರು ನೋಡುತ್ತಿದ್ದಾರೆ, ಪತ್ರಿಕೆ ತೊಡೆಯ ಮೇಲಿದೆ ಎಂದುಕೊಂಡ. ಕಣ್ಣು ತುಂಬಿ ಬಂತು. ಸಾಲಿನಲ್ಲಿದ್ದವರು ಅದನ್ನು ಕಂಡರು, ಅವರ ಕಣ್ಣೂ ತುಂಬಿತು.

"ಅರ್ಧ!" ಎಂದು ಸೂಟುಧಾರಿ ಕೂಗಿದರು. "ಅರ್ಧ ಸಣ್ಣವರಿಗೇ ಮೀಸಲು, ಸರೀನಾ? ಆ ಮನುಷ್ಯನಿಗೆ ಈಗಲಾದ್ರೂ ಈ ಕಡೆ ತಿರುಗೋಕೆ ಹೇಳಿ!"

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡು, ತಲೆಯಾಡಿಸಿ, ಹೋಗಿ ಕೂತರು. ಏಣಿರಾಯ ಮಾತ್ರ ಕದಲಲಿಲ್ಲ, ದೀಪ ಇನ್ನೂ ಉರಿಯುತ್ತಿತ್ತು. ಅಷ್ಟರಲ್ಲಿ ಕ್ಯಾಮೆರಾದವನಿಗೆ ಹಸಿವಾಗಿ, ದೀಪ ಆರಿತು. ಏಣಿರಾಯ ನಿಟ್ಟುಸಿರು ಬಿಟ್ಟು ಕೂತ.

"ಒಪ್ಪಿಗೆಯಾಯಿತು," ಅಂದರು ಅಧ್ಯಕ್ಷೆ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಯಾರಿಗೆಂದು ಏಣಿರಾಯ ತಿರುಗಿ ನೋಡಿದ. ಆಮೇಲೆ ಕ್ಯಾಮೆರಾದವನ ಬಳಿಗೆ ಓಡಿಹೋಗಿ, "ಕಂಡೆನಾ?" ಎಂದು ಕೇಳಿದ.

"ನೀವು ಬಿಟ್ರೆ ಇನ್ಯಾರೂ ಕಾಣ್ಲಿಲ್ಲ ಸಾರ್," ಅಂದ ಅವನು.

ಆ ಸಂಜೆ ಏಣಿರಾಯ ಫೋನು ಮಾಡಲಿಲ್ಲ. ಇಷ್ಟು ದೊಡ್ಡ ಸುಖವನ್ನು ಫೋನಿನಲ್ಲಿ ಕೇಳಿ ಮುಗಿಸಿಬಿಡುವುದು ಅವನಿಗೆ ಇಷ್ಟವಿರಲಿಲ್ಲ.

ಮಾರನೆಯ ದಿನ ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಕಾಯುತ್ತಿದ್ದರು. ಟೈಲರು, ಅಂಗಡಿಯಾಕೆ, ಟ್ಯೂಷನ್ ಟೀಚರು, ಹೆಸರೇ ಗೊತ್ತಿಲ್ಲದ ಎಷ್ಟೋ ಮಂದಿ. "ಬಂದ್ರು! ಬಂದ್ರು!" ಎಂಬ ಕೂಗು ಮನೆಯಿಂದ ಮನೆಗೆ ಹೋಯಿತು. ಏಣಿರಾಯ ಬ್ಯಾಡ್ಜನ್ನು ಅಂಗಿಯ ಮೇಲೆ ನೆಟ್ಟಗೆ ಮಾಡಿಕೊಂಡು, ಕೈಮುಗಿದು, ನಾಚಿಕೆಯಿಂದ ಶುರುಮಾಡಿದ: "ಅಂಥಾದ್ದೇನೂ ಇಲ್ಲ, ನಾನು ಬರೀ ನಿಂತಿದ್ದೆ ಅಷ್ಟೇ..."

"ಆಮೇಲೆ ನಿಂತ್ಕೊಳ್ಳಿ, ಮೊದಲು ಹತ್ತಿ!" ಎಂದು ಟೈಲರು ಏಣಿಯನ್ನು ತಂದು ಅವನ ಹೆಗಲಿಗೇರಿಸಿದ. "ನೀವು ಹೋದ ಬೆಳಿಗ್ಗೆಯಿಂದ ಇಡೀ ಬೀದೀಲಿ ಲೈನಿಲ್ಲ. ನಿಮ್ಮ ಫೋನು ಹಗಲೆಲ್ಲ ಬಂದ್. ನಿಮ್ಮ ಯಜಮಾನ್ರಿಗೆ ಫೋನ್ ಮಾಡಿದ್ರೆ, ಸೊಂಟ ಎತ್ತೋಕಾಗಲ್ಲ, ಅವನೇ ಬರ್ಲಿ ಅಂತಾರೆ. ನಿಮ್ಮ ಮನೆಯವ್ರನ್ನ ಕೇಳಿದ್ರೆ ಹಿತ್ತಿಲ ಕಿಟಕೀಲಿ ಬಂದು, ಜೋರಾಗಿ ಮಾತಾಡಬೇಡಿ ಅಂತ ಕೈಮುಗೀತಾರೆ!"

ಏಣಿರಾಯ ನಿಂತಲ್ಲೇ ನಿಂತ. ಗೇಟಿನಲ್ಲಿದ್ದ ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು.

"ಟಿವೀಲಿ ಬರೀ ಒಂದು ಚಕ್ರ ತಿರುಗ್ತಾ ಇತ್ತು ರೀ. ನಿಮ್ಮದೇ ಲೈನು ಸತ್ತಿದೆ ಅಂತ ಭಾವನ ಮುಂದೆ ಹೇಗೆ ಹೇಳ್ಲಿ? ಫೋನ್ ಮಾಡಿದಾಗ್ಲೂ ಅವರು ಪಕ್ಕದಲ್ಲೇ ಇದ್ರು. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ ಅಂದೆ."

"ಮೂರು ದಿನಾನಾ?"

"ಮೂರು ದಿನಾನೂ. ಅಪ್ಪ ದಿನಾ ಇಸ್ತ್ರಿ ಅಂಗಿ ಹಾಕ್ಕೊಂಡು ಚಕ್ರ ನೋಡ್ತಾ ಕೂತಿದ್ರು. ಭಾವ ಎದ್ದುಹೋದ್ರೂ ಅಪ್ಪ ಏಳ್ಲಿಲ್ಲ."

ಜಗಲಿಯಲ್ಲಿ ಷಡ್ಡಕರು ಸೂಟ್‌ಕೇಸಿನ ಮೇಲೆ ಕೈಯಿಟ್ಟು ನಿಂತಿದ್ದರು. "ಭಾಷಣ ಅಂತೂ ಶುರುವಾಗ್ಲೇ ಇಲ್ಲ. ಇದಾದ್ರೂ ಶುರುವಾಗುತ್ತಾ ನೋಡೋಣ," ಅಂದರು.

ಏಣಿರಾಯ ಬ್ಯಾಡ್ಜಿನ ಸಮೇತ ಕಂಬ ಹತ್ತಿದ. ಪೆಟ್ಟಿಗೆ ತೆಗೆದು ಕೇಬಲ್ಲುಗಳನ್ನು ಒಂದೊಂದಾಗಿ ಎಳೆದು ನೋಡಿದ. ಎಲ್ಲವೂ ಸರಿಯಾಗಿದ್ದವು. ಕರೆಂಟು ಹೋದಾಗ ಕಾಯುವ ಬ್ಯಾಟರಿ ಮಾತ್ರ ಪೂರ್ತಿ ಖಾಲಿ. ಕೆಳಗೆ ಬೀದಿಗೆ ಬೀದಿಯೇ ಕತ್ತೆತ್ತಿ ನಿಂತಿತ್ತು. ಕರೆಂಟಿನ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸುತ್ತ ಹೋದ. ಅದು ಕಂಬದಿಂದ ಅವನ ಮನೆಗೆ, ಮನೆಯ ಕಿಟಕಿಗೆ, ಕಿಟಕಿಯಿಂದ ಒಳಗೆ ಹೋಗಿ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಅದು ಇರಬೇಕಾದ ಜಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಇತ್ತು.

ಸಮ್ಮೇಳನಕ್ಕೆಂದು ಬಿಳಿ ಅಂಗಿಗೆ ಇಸ್ತ್ರಿ ಹಾಕಿದ ಬೆಳಿಗ್ಗೆ ಅವನೇ ಕಿತ್ತದ್ದು. ಮತ್ತೆ ಹಾಕಲು ಮರೆತಿದ್ದ. ಬ್ಯಾಟರಿ ಅವನು ಬಸ್ಸು ಹತ್ತುವವರೆಗೆ ತಡೆದುಕೊಂಡಿತ್ತು. ಆಮೇಲೆ ದಿನವೂ ಅದೇ ಪ್ಲಗ್ಗಿನಿಂದ ಮಾವನವರ ಅಂಗಿಗೆ ಇಸ್ತ್ರಿಯಾಗಿತ್ತು.

ಏಣಿರಾಯ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡ. ಇಳಿದುಹೋಗಿ ಎಲ್ಲರೆದುರು ಇಸ್ತ್ರಿಪೆಟ್ಟಿಗೆ ಕೀಳುವುದಕ್ಕಿಂತ ಈ ಕಂಬದ ಮೇಲೆಯೇ ಸಂಸಾರ ಹೂಡುವುದು ವಾಸಿ ಅನ್ನಿಸಿತು. ಕೆಳಗೆ ಮಾವನವರು ಕುಂಟುತ್ತ ಜಗಲಿಯಿಳಿದು ಬರುತ್ತಿದ್ದುದು ಕಂಡಿತು. ಕೈಯಲ್ಲಿ ಪತ್ರಿಕೆ ಇರಲಿಲ್ಲ. ಅವರು ಅಳಿಯನ ಮುಖ ನೋಡಿದರು. ಅಳಿಯ ನೋಡುತ್ತಿದ್ದ ಕಿಟಕಿಯನ್ನು ನೋಡಿದರು. ನಾಲ್ಕು ದಶಕ ಮಕ್ಕಳ ಮುಖ ಓದಿದ ಮನುಷ್ಯ. ತಿರುಗಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗೆ ಒಂದು ಹಸಿರು ದೀಪ ಮಿಣುಕಿತು.

ಮಾವನವರು ಹೊರಬಂದು ಏಣಿಯ ಬುಡಕ್ಕೆ ಬಂದು, ಅದನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡರು. ಏಣಿರಾಯ ಇಳಿಯಲು ಒಂದು ಕಾಲು ಕೆಳಗಿಟ್ಟ.

"ಇಳೀಬೇಡಿ," ಅಂದರು ಮಾವನವರು, ಬೇರೆ ಯಾರಿಗೂ ಕೇಳದ ದನಿಯಲ್ಲಿ. "ಕೈಯಲ್ಲಿ ಏನಾದ್ರೂ ತಿರುಗಿಸ್ತಾ ಇರಿ. ಹಿರಿಯಳಿಯಂದಿರು ನೋಡ್ತಿದಾರೆ."

"ಮಾವ, ಚಕ್ರ ತಿರುಗ್ತಿದ್ರೆ ಲೈನಿಲ್ಲ ಅಂತ ನಿಮಗೆ..."

"ಮೊದಲ ದಿನವೇ ಗೊತ್ತಾಯ್ತು. ಎದ್ದುಹೋದ್ರೆ ಮಗಳ ಮಾತು ಸುಳ್ಳಾಗ್ತಿತ್ತಲ್ಲ." ಅವರು ಮೇಲೆ ನೋಡಿದರು. ಆ ಕಣ್ಣುಗಳನ್ನು ಏಣಿರಾಯ ಇಷ್ಟು ಸ್ಪಷ್ಟವಾಗಿ ಯಾವತ್ತೂ ನೋಡಿರಲಿಲ್ಲ. "ಅಲ್ಲಿ ಏನು ಮಾತಾಡಿದ್ರಿ?"

"ಏನೂ ಮಾತಾಡ್ಲಿಲ್ಲ ಮಾವ. ಸುಮ್ನೆ ನಿಂತಿದ್ದೆ."

"ಸರಿ," ಅಂದರು ಮಾವನವರು. "ಇಲ್ಲೂ ಸ್ವಲ್ಪ ಹೊತ್ತು ನಿಂತಿರಿ. ನಾನು ಹಿಡ್ಕೊಂಡಿದೀನಿ."

ಮನೆಮನೆಯಿಂದ "ಬಂತು! ಬಂತು!" ಎಂಬ ಕೂಗು ಎದ್ದಿತು. ಏಣಿರಾಯ ಸರಿಯಾಗಿಯೇ ಇದ್ದ ಒಂದು ಸ್ಕ್ರೂವನ್ನು ಬಿಚ್ಚಿ, ಬಹಳ ಗಂಭೀರವಾಗಿ ಮತ್ತೆ ಬಿಗಿಯತೊಡಗಿದ.